ಟೆಸ್ಟ್ ಲ್ಯಾಂಪಿಗೆ ಸಿಗದ ತಂತಿ: ಮೋಟಾರು ವಾಹನಗಳ ವಯರಿಂಗಿನ ಒಂದು ಚರಿತ್ರೆ



ಕಾರವಾರದಿಂದ ಅಂಕೋಲೆಯ ಕಡೆಗೆ ಹೊರಟು ಬಿಣಗಾ ದಾಟಿದರೆ ಅಮದಳ್ಳಿ ಸಿಗುತ್ತದೆ. ಒಂದು ಬದಿಗೆ ಗುಡ್ಡದ ಸಾಲು, ಇನ್ನೊಂದು ಬದಿಗೆ ಸಮುದ್ರದ ಉಪ್ಪುಗಾಳಿ, ನಡುವೆ ಹೆದ್ದಾರಿ. ಈ ರಸ್ತೆಯನ್ನು ‘ಹದಿನೇಳು’ ಎಂದು ಕರೆಯುತ್ತಲೇ ನಾವು ಬೆಳೆದೆವು. 2010ರ ಹೊಸ ಲೆಕ್ಕದಲ್ಲಿ ಅದು ರಾಷ್ಟ್ರೀಯ ಹೆದ್ದಾರಿ 66 ಆಯಿತು.

ಕೆಲವು ವರ್ಷಗಳ ಹಿಂದೆ ಮಳೆಗಾಲದ ಒಂದು ಸಂಜೆ ನಮ್ಮ ಕಾರು ಇಲ್ಲಿಯೇ ನಿಂತುಬಿಟ್ಟಿತು. ದೂರದ ನಗರದಿಂದ ತಂದ ಹಳೆಯ ಪೆಟ್ರೋಲ್ ಕಾರು ಅದು. ಹಿಂದಿನ ಮಾಲಿಕರು ಅದಕ್ಕೆ ಗ್ಯಾಸ್ ಕಿಟ್ ಹಾಕಿಸಿದ್ದರು. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತಿತ್ತು, ಹತ್ತುತ್ತಿರಲಿಲ್ಲ. ಪರಿಚಯದ ಹಿರಿಯ ಮೇಸ್ತ್ರಿಯೊಬ್ಬರು ಸ್ಕೂಟರಿನಲ್ಲಿ ಬಂದರು. ಮೂವತ್ತು ವರ್ಷ ಲಾರಿ, ಜೀಪುಗಳ ವಯರಿಂಗ್ ಮಾಡಿದ ಕೈ ಅವರದು. ಬಾನೆಟ್ ಎತ್ತಿ, ಜೇಬಿನಿಂದ ಟೆಸ್ಟ್ ಲ್ಯಾಂಪ್ ತೆಗೆದು, ಸ್ವಲ್ಪ ಹೊತ್ತು ಒಳಗೆ ನೋಡಿ, ಅದನ್ನು ಮತ್ತೆ ಜೇಬಿಗೇ ಇಳಿಸಿದರು. “ಮಾಸ್ತರ್ರೇ, ಇದಕ್ಕೆ ನಾ ಕೈ ಹಚ್ಚೂದಿಲ್ಲ. ಒಳಗೆ ಕಂಪ್ಯೂಟರ್ ಉಂಟು. ನನ್ನ ದೀಪದಿಂದ ಅದು ಸುಟ್ಟರೆ ನಿಮ್ಮ ಕಾರಿನ ಅರ್ಧ ಬೆಲೆ ಹೋಯ್ತು,” ಎಂದರು.

ಅಂದು ನನಗೆ ಬೇಸರವಾಯಿತು. ಅವರು ಆಡಿದ್ದು ತೂಕದ ಮಾತು ಎಂದು ಅರ್ಥವಾಗಲು ನಾನು ಸ್ವಲ್ಪ ಓದಬೇಕಾಯಿತು. ಓದುತ್ತಾ ಹೋದಂತೆ, ನಮ್ಮ ಮೇಸ್ತ್ರಿಯ ಕೈ ಹಿಂದೆ ಸರಿದ ಆ ಕ್ಷಣಕ್ಕೆ ಅರವತ್ತು ವರ್ಷಗಳ ಚರಿತ್ರೆ ಇದೆ ಎಂದು ಕಂಡಿತು. ಆ ಚರಿತ್ರೆಯನ್ನು ನಿಮ್ಮ ಮುಂದೆ ಇಡುವುದೇ ಈ ಲೇಖನದ ಉದ್ದೇಶ. ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಓದುತ್ತಿರುವ ನಮ್ಮ ಹುಡುಗರೂ, ನಾಳೆ ಕೊಲ್ಲಿ ರಾಷ್ಟ್ರಗಳ ಗ್ಯಾರೇಜುಗಳಲ್ಲಿ ಕೆಲಸ ಹುಡುಕಲಿರುವವರೂ ಇದನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ.

ಮೊದಲು ಹಳೆಯ ಕಾಲದ ಮಾತು. 1958ರಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರನ್ನು ನೆನೆಯಿರಿ. ಇಲ್ಲವೇ 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ಮೊದಲ ವರ್ಷಗಳ ಮಾದರಿಯನ್ನು ತೆಗೆದುಕೊಳ್ಳಿ. ಅವುಗಳ ತಂತಿಗಳಲ್ಲಿ ಹರಿಯುತ್ತಿದ್ದುದು ಒಂದೇ, ಕರೆಂಟು. ಬ್ಯಾಟರಿಯಿಂದ ಹೊರಟು, ಫ್ಯೂಸು ದಾಟಿ, ಸ್ವಿಚ್ಚಿನ ಮೂಲಕ ಬಲ್ಬಿಗೋ ಹಾರ್ನಿಗೋ ವೈಪರ್ ಮೋಟಾರಿಗೋ ಹೋಗಿ, ಬಾಡಿಯ ಮೂಲಕ ಹಿಂದಿರುಗುವ ಕರೆಂಟು. ಎಂಜಿನ್ನಿಗೆ ಬೇಕಾದ ಪೆಟ್ರೋಲನ್ನು ಕಾರ್ಬ್ಯುರೇಟರ್ ತನ್ನ ಸಣ್ಣ ತೂತುಗಳಿಂದಲೇ ಅಳೆಯುತ್ತಿತ್ತು. ಕಿಡಿಯ ಸಮಯವನ್ನು ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳು ನಿರ್ಧರಿಸುತ್ತಿದ್ದವು. ಡೀಸೆಲ್ ಲಾರಿಯಲ್ಲಿ ಆ ಕೆಲಸಕ್ಕೆ ಪಂಪು ಇತ್ತು. ನಮ್ಮ ಭಾಗದಲ್ಲಿ ಹಳಬರು ಅದನ್ನು ‘ಮೈಕೋ ಪಂಪು’ ಎಂದೇ ಕರೆಯುತ್ತಾರೆ. 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪೆನಿಯ ಹೆಸರು ಅದು. ಆಡುಗೋಡಿಯ ಆ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ಗುಗಳೂ ಡೀಸೆಲ್ ಪಂಪುಗಳೂ ದೇಶದ ಮೂಲೆ ಮೂಲೆಗೆ ಹೋದವು. ಜರ್ಮನಿಯ ಬಾಷ್ ಕಂಪೆನಿಯ ಅಂಗವಾಗಿದ್ದ ಅದು 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು.

ಬಳ್ಳಾರಿ, ಹೊಸಪೇಟೆಯ ಅದಿರನ್ನು ಹೊತ್ತು ಯಲ್ಲಾಪುರದ ಘಾಟಿ ಇಳಿದು ಅಂಕೋಲೆಗೆ ಬಂದು, ಬೇಲೇಕೇರಿ ಮತ್ತು ಕಾರವಾರ ಬಂದರುಗಳತ್ತ ಸಾಲುಗಟ್ಟುತ್ತಿದ್ದ ಲಾರಿಗಳನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. 2010ರ ಜುಲೈನಲ್ಲಿ ರಾಜ್ಯ ಸರಕಾರ ಅದಿರು ರಫ್ತನ್ನು ನಿಲ್ಲಿಸುವ ತನಕ ಆ ಸಾಲು ಮುಗಿಯಲಿಲ್ಲ. ಆ ಲಾರಿಗಳಲ್ಲಿ ಬಹುಪಾಲು ಯಾಂತ್ರಿಕ ಪಂಪಿನವೇ. ಅವುಗಳಿಗೆ ಏನು ಬೇಕಾದರೂ ಜೋಡಿಸಬಹುದಿತ್ತು. ಕ್ಯಾಬಿನ್ನಿನಲ್ಲಿ ಬಣ್ಣದ ದೀಪ, ಟೇಪ್‌ರೆಕಾರ್ಡರ್, ಮಂಜಿನ ದೀಪ, ಹತ್ತು ರಾಗ ಹಾಡುವ ಹಾರ್ನು, ಎಲ್ಲಕ್ಕೂ ಸೂತ್ರ ಒಂದೇ: ಎಲ್ಲಿ ಟೆಸ್ಟ್ ಲ್ಯಾಂಪ್ ಉರಿಯುತ್ತದೋ ಅಲ್ಲಿಂದ ಒಂದು ತಂತಿ ಎಳೆ, ಇನ್ನೊಂದನ್ನು ಬಾಡಿಗೆ ಕಚ್ಚಿಸು. ತಪ್ಪಾದರೆ ಫ್ಯೂಸು ಹೋಗುತ್ತಿತ್ತು. ಅಜಾಗರೂಕತೆ ಹೆಚ್ಚಾದರೆ ತಂತಿ ಸುಟ್ಟು ಬೆಂಕಿಯೂ ಹತ್ತುತ್ತಿತ್ತು. ಆದರೆ ಹಾರ್ನಿನ ತಂತಿ ತಪ್ಪಿದ್ದಕ್ಕೆ ಎಂಜಿನ್ ನಿಲ್ಲುವ ಪ್ರಮೇಯ ಇರಲಿಲ್ಲ. ನಮ್ಮ ಮೇಸ್ತ್ರಿಗಳ ವಿದ್ಯೆ ರೂಪುಗೊಂಡದ್ದು ಈ ಕಾಲದಲ್ಲಿ. ಅದು ಕೀಳು ವಿದ್ಯೆಯಲ್ಲ. ಬಲ್ಬಿನ ಬೆಳಕು ಸ್ವಲ್ಪ ಕೆಂಪಾದರೆ ಎಲ್ಲೋ ಕ್ಲೆಮ್ಮು ಸಡಿಲವಾಗಿದೆ ಎಂದು ಹೇಳಬಲ್ಲ ಕಣ್ಣು ಅವರದು.

ಹಾಗಾದರೆ ಎಂಜಿನ್ನಿಗೆ ಕಂಪ್ಯೂಟರ್ ಏಕೆ ಬಂತು? ವೇಗಕ್ಕಾಗಿ ಎಂದು ಹಲವರು ತಿಳಿದಿದ್ದಾರೆ. ಮುಖ್ಯ ಕಾರಣ ಹೊಗೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗಾಳಿ ಕೆಟ್ಟು, ಅಲ್ಲಿ ಹೊಗೆಯ ಕಾನೂನು ಬಿಗಿಯಾದಾಗ, ಕಾರ್ಬ್ಯುರೇಟರಿನ ಅಂದಾಜು ಲೆಕ್ಕ ಸಾಲದಾಯಿತು. 1967ರಲ್ಲಿ ಬಾಷ್ ಕಂಪೆನಿ ‘ಡಿ-ಜೆಟ್ರೋನಿಕ್’ ಎಂಬ ವಿದ್ಯುನ್ಮಾನ ಪೆಟ್ರೋಲ್ ಇಂಜೆಕ್ಷನ್ ವ್ಯವಸ್ಥೆಯನ್ನು ಫೋಕ್ಸ್‌ವ್ಯಾಗನ್ 1600 ಕಾರಿಗೆ ಅಳವಡಿಸಿತು. ಅದರ ಪೆಟ್ಟಿಗೆಯಲ್ಲಿ ಇಂದಿನಂತಹ ಚಿಪ್ಪು ಇರಲಿಲ್ಲ, ಬಿಡಿ ಬಿಡಿ ಟ್ರಾನ್ಸಿಸ್ಟರುಗಳಿದ್ದವು. 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿನಲ್ಲಿ ಬಂದ ‘ಮೋಟ್ರೋನಿಕ್’ ಪೆಟ್ರೋಲ್ ಮತ್ತು ಕಿಡಿ ಎರಡನ್ನೂ ಒಂದೇ ಡಿಜಿಟಲ್ ಪೆಟ್ಟಿಗೆಗೆ ಒಪ್ಪಿಸಿತು. ಮೆಕ್ಯಾನಿಕ್ಕುಗಳು ಇಂದು ಇಸಿಎಂ ಅಥವಾ ಇಸಿಯು ಎಂದು ಕರೆಯುವುದು ಇದರ ಸಂತಾನವನ್ನೇ.

ನಮ್ಮ ದೇಶಕ್ಕೂ ಅದನ್ನು ಕರೆತಂದದ್ದು ಹೊಗೆಯೇ. ದೆಹಲಿಯ ಗಾಳಿಯ ಬಗ್ಗೆ ವಕೀಲ ಎಂ.ಸಿ. ಮೆಹ್ತಾ 1985ರಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆ ವರ್ಷಗಟ್ಟಲೆ ನಡೆದು, 1999ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ರಾಜಧಾನಿ ವಲಯದ ಹೊಸ ಕಾರುಗಳಿಗೆ ಯೂರೋ ಮಟ್ಟದ ಮಾನದಂಡಗಳನ್ನು ಗಡುವು ಹಾಕಿ ವಿಧಿಸಿತು. ಸೀಸರಹಿತ ಪೆಟ್ರೋಲ್ 2000ದ ಹೊತ್ತಿಗೆ ದೇಶದಾದ್ಯಂತ ಬಂತು. 1998ರಲ್ಲಿ ಬಂದ ಸ್ಯಾಂಟ್ರೋದಂತಹ ಕಾರುಗಳೂ, ನಂತರದ ಮಾರುತಿ 800 ಕೂಡ, ‘ಎಂಪಿಎಫ್‌ಐ’ ಎಂಬ ನಾಲ್ಕು ಅಕ್ಷರಗಳನ್ನು ಬೆನ್ನಿಗೆ ಅಂಟಿಸಿಕೊಂಡು ಬಂದದ್ದು ನಿಮಗೆ ನೆನಪಿರಬಹುದು. ಆ ಅಕ್ಷರಗಳನ್ನು ನಾವೆಲ್ಲ ಯಾವುದೋ ಪದವಿಯಂತೆ ಓದುತ್ತಿದ್ದೆವು. ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರ್ ಇದೆ, ಅದನ್ನು ಒಂದು ಕಂಪ್ಯೂಟರ್ ತೆರೆದು ಮುಚ್ಚುತ್ತದೆ ಎಂಬುದಷ್ಟೇ ಅದರ ಅರ್ಥ. ಡೀಸೆಲ್ ಕಾರುಗಳಿಗೆ ಅದೇ ಕಾಲಕ್ಕೆ ಕಾಮನ್ ರೈಲ್ ಬಂತು. 2017ರ ಏಪ್ರಿಲ್‌ನಲ್ಲಿ ಬಿಎಸ್-4, 2020ರ ಏಪ್ರಿಲ್‌ನಲ್ಲಿ ಬಿಎಸ್-6 ಇಡೀ ದೇಶಕ್ಕೆ ಅನ್ವಯವಾದ ಮೇಲೆ ಹೊಸ ಲಾರಿಗಳಿಗೂ ಕಂಪ್ಯೂಟರ್ ಅನಿವಾರ್ಯವಾಯಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಕಂಪ್ಯೂಟರಿಗೆ ಹೋಗುವ ತಂತಿಗಳಲ್ಲಿ ಏನು ಹರಿಯುತ್ತದೆ? ಹೊರಗಿನಿಂದ ನೋಡಿದರೆ ಅದೇ ತಾಮ್ರ, ಅದೇ ಪ್ಲಾಸ್ಟಿಕ್ ಹೊದಿಕೆ. ಆದರೆ ಅವುಗಳಲ್ಲಿ ಬಹಳಷ್ಟು ತಂತಿಗಳು ಕರೆಂಟನ್ನು ಒಯ್ಯುವುದಿಲ್ಲ, ಸುದ್ದಿಯನ್ನು ಒಯ್ಯುತ್ತವೆ. ಆಕ್ಸಿಲರೇಟರ್ ಎಷ್ಟು ಒತ್ತಿದೆ ಎಂಬ ಸುದ್ದಿ 5 ವೋಲ್ಟಿನೊಳಗಿನ ಒಂದು ಅಳತೆಯಾಗಿ ಹೋಗುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿದಿದೆಯೇ ಎಂಬ ಸುದ್ದಿ, ಸಾಮಾನ್ಯ ಸೆನ್ಸರಿನಲ್ಲಿ, 1 ವೋಲ್ಟನ್ನೂ ಮುಟ್ಟದ ಏರಿಳಿತ. ಕ್ರ್ಯಾಂಕು ತಿರುಗುತ್ತಿದೆ ಎಂಬ ಸುದ್ದಿ ಸಣ್ಣ ಸಣ್ಣ ಮಿಡಿತಗಳ ಸಾಲು. ಈಗ ಲೆಕ್ಕ ಹಾಕಿ. ನಮ್ಮ ಮೇಸ್ತ್ರಿಯ ಟೆಸ್ಟ್ ಲ್ಯಾಂಪಿನಲ್ಲಿ 5 ವ್ಯಾಟಿನ ಬಲ್ಬಿದ್ದರೆ 12 ವೋಲ್ಟಿನಲ್ಲಿ ಅದು ಎಳೆಯುವುದು 0.4 ಆಂಪಿಯರಿಗಿಂತ ತುಸು ಹೆಚ್ಚು. ಸೆನ್ಸರಿನ ತಂತಿ ಸಾಮಾನ್ಯವಾಗಿ ವ್ಯವಹರಿಸುವುದು ಆಂಪಿಯರಿನ ಸಾವಿರದ ಕೆಲವು ಭಾಗಗಳಲ್ಲಿ. ದೀಪದ ಒಂದು ತುದಿಯನ್ನು ಬ್ಯಾಟರಿಗೆ ಕಚ್ಚಿಸಿ ಇನ್ನೊಂದನ್ನು ಇಂತಹ ತಂತಿಗೆ ಚುಚ್ಚಿದರೆ, ಪಿಸುಮಾತು ಕೇಳಲು ಕುಳಿತವನ ಕಿವಿಗೆ ಲಾರಿಯ ಹಾರ್ನು ಹಿಡಿದಂತೆ. ಮೇಸ್ತ್ರಿ ದೀಪವನ್ನು ಜೇಬಿಗಿಳಿಸಿದ್ದು ಅದಕ್ಕೇ.

(ಇಲ್ಲಿಯೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. 2019ರ ಜುಲೈಯಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಅದರ ತಂತಿ ಮತ್ತು ಕನೆಕ್ಟರುಗಳು ಸಾಮಾನ್ಯವಾಗಿ ಹಳದಿ ಬಣ್ಣದವು. ಸ್ಟೇರಿಂಗಿನ ಕೆಳಗೆ ಮ್ಯೂಸಿಕ್ ಸಿಸ್ಟಮಿಗೆ ಕರೆಂಟು ಹುಡುಕುತ್ತಾ ಹಳದಿ ತಂತಿಗೆ ಟೆಸ್ಟ್ ಲ್ಯಾಂಪ್ ಹಿಡಿದರೆ ಏರ್‌ಬ್ಯಾಗ್ ಮುಖಕ್ಕೇ ಸಿಡಿಯಬಹುದು. ಹಳದಿಯನ್ನು ಮುಟ್ಟಬೇಡಿ.)

ಕಂಪ್ಯೂಟರುಗಳು ಹೆಚ್ಚಿದಂತೆ ತಂತಿಗಳ ಕಟ್ಟು ತೋಳಿನಷ್ಟು ದಪ್ಪವಾಗತೊಡಗಿತು. ಇದಕ್ಕೆ ಬಾಷ್ ಕಂಪೆನಿ 1983ರಿಂದ ಪರಿಹಾರ ಹುಡುಕಿ 1986ರಲ್ಲಿ ಅಮೆರಿಕದ ಡೆಟ್ರಾಯಿಟಿನಲ್ಲಿ ‘ಕ್ಯಾನ್’ ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಹೆಣೆದ ಎರಡೇ ತಂತಿಗಳ ಮೇಲೆ ಎಲ್ಲ ಪೆಟ್ಟಿಗೆಗಳೂ ಸರದಿಯಂತೆ ಮಾತನಾಡುವ ಏರ್ಪಾಡು ಅದು. ಮಾತಿಲ್ಲದಾಗ ಎರಡೂ ತಂತಿಗಳು 2.5 ವೋಲ್ಟಿನ ಆಸುಪಾಸಿನಲ್ಲಿರುತ್ತವೆ. ಮಾತಿದ್ದಾಗ ಒಂದು 3.5ಕ್ಕೆ ಏರಿ ಇನ್ನೊಂದು 1.5ಕ್ಕೆ ಇಳಿಯುತ್ತದೆ. ಎರಡು ತುದಿಗಳಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುವುದರಿಂದ, ಬ್ಯಾಟರಿ ಕಳಚಿ ಮಲ್ಟಿಮೀಟರಿನಲ್ಲಿ ನೋಡಿದರೆ ಎರಡು ತಂತಿಗಳ ನಡುವೆ ಸುಮಾರು 60 ಓಮು ಸಿಗಬೇಕು. ನಮ್ಮ ವಿದ್ಯಾರ್ಥಿಗಳು ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡರೂ ಅನೇಕ ವೇಳೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ. 120 ತೋರಿಸಿದರೆ ಎಲ್ಲೋ ತಂತಿ ಕಡಿದಿದೆ ಅಥವಾ ಒಂದು ತುದಿಯ ರೆಸಿಸ್ಟರ್ ಸಂಪರ್ಕ ಕಳೆದುಕೊಂಡಿದೆ, ಸೊನ್ನೆಯ ಹತ್ತಿರ ತೋರಿಸಿದರೆ ಎರಡು ತಂತಿ ಎಲ್ಲೋ ತಾಗಿವೆ.

ಇಂತಹ ಸುದ್ದಿಯ ಜಾಲದೊಳಕ್ಕೆ ಹೊರಗಿನ ಸಾಧನಗಳು ಹೇಗೆ ನುಗ್ಗಿದವು ಎಂಬುದೇ ನಮ್ಮ ಕಥೆಯ ಎರಡನೆಯ ಭಾಗ. ಮೊದಲು ದೊಡ್ಡ ಪ್ರಮಾಣದಲ್ಲಿ ಬಂದದ್ದು ಗ್ಯಾಸ್ ಕಿಟ್. 2000ದಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿಯಾಗಿ, 2001ರಲ್ಲಿ ಕೇಂದ್ರದ ಎಲ್‌ಪಿಜಿ ಆದೇಶ ಹೊರಟು, ಅನುಮೋದಿತ ಕಿಟ್ ಹಾಕಿಸಿಕೊಳ್ಳುವುದು ಕಾನೂನುಬದ್ಧವಾಯಿತು. ಕಾರ್ಬ್ಯುರೇಟರಿನ ಗಾಡಿಗೆ ಅದು ಸುಲಭದ ಕೆಲಸ, ಗಾಳಿಯ ದಾರಿಯಲ್ಲಿ ಒಂದು ಮಿಕ್ಸರ್ ಕೂರಿಸಿದರೆ ಮುಗಿಯಿತು. ಎಂಪಿಎಫ್‌ಐ ಕಾರಿನಲ್ಲಿ ಬಂತು ತೊಡಕು. ಗ್ಯಾಸಿನಲ್ಲಿ ಓಡುವಾಗ ಪೆಟ್ರೋಲ್ ಇಂಜೆಕ್ಟರುಗಳನ್ನು ಕಡಿದು ಹಾಕಬೇಕು. ಕಡಿದ ಕೂಡಲೇ ಕಾರಿನ ಕಂಪ್ಯೂಟರ್ ‘ಇಂಜೆಕ್ಟರ್ ಎಲ್ಲಿ?’ ಎಂದು ಗಾಬರಿಯಾಗಿ ಎಂಜಿನ್ ದೀಪ ಹತ್ತಿಸುತ್ತದೆ. ಆದ್ದರಿಂದ ಕಿಟ್ಟಿನವರು ‘ಎಮ್ಯುಲೇಟರ್’ ಎಂಬ ಸಣ್ಣ ಪೆಟ್ಟಿಗೆಯನ್ನು ನಡುವೆ ಇಟ್ಟರು. ಇಂಜೆಕ್ಟರ್ ಇದ್ದಲ್ಲಿಯೇ ಇದೆ, ಎಲ್ಲವೂ ಕುಶಲ ಎಂದು ಕಂಪ್ಯೂಟರಿಗೆ ಹೇಳುತ್ತಾ ಕೂರುವುದು ಅದರ ಉದ್ಯೋಗ. ನಂತರದ ‘ಸೀಕ್ವೆನ್ಷಿಯಲ್’ ಕಿಟ್ಟುಗಳು ಇನ್ನೂ ಜಾಣತನ ತೋರಿದವು. ಅವುಗಳ ಸ್ವಂತ ಕಂಪ್ಯೂಟರ್ ಪೆಟ್ರೋಲ್ ಇಂಜೆಕ್ಟರಿಗೆ ಬರುವ ಆಜ್ಞೆಯನ್ನು ಕದ್ದು ಕೇಳಿ, ಗ್ಯಾಸಿಗೆ ಸರಿಹೊಂದುವಂತೆ ತಿದ್ದಿ, ಗ್ಯಾಸ್ ಇಂಜೆಕ್ಟರಿಗೆ ದಾಟಿಸುತ್ತದೆ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಎರಡು ಸುತ್ತಿಗೆ ಸಿಗುವ ಸಮಯ ಸೆಕೆಂಡಿನ ಐವತ್ತನೇ ಒಂದು ಭಾಗ. ನಿಧಾನಕ್ಕೆ ಓಡುವಾಗ ಇಂಜೆಕ್ಟರ್ ತೆರೆದಿರುವುದು ಸೆಕೆಂಡಿನ ಸಾವಿರದ ಎರಡು ಮೂರು ಭಾಗ ಮಾತ್ರ. ಈ ಅವಧಿಯಲ್ಲಿ ಸುದ್ದಿ ತಪ್ಪಬಾರದು.

ಇಂತಹ ಕಸುಬಿನ ಕೆಲಸ ನಮ್ಮ ಬೀದಿಗಳಲ್ಲಿ ಹೇಗೆ ನಡೆಯಿತು? ಅನೇಕ ಕಡೆ ಚೆನ್ನಾಗಿಯೇ ನಡೆಯಿತು. ಇನ್ನೂ ಅನೇಕ ಕಡೆ ಹಾರ್ನಿನ ತಂತಿ ಜೋಡಿಸಿದ ಹಾಗೆಯೇ ನಡೆಯಿತು: ಹೊದಿಕೆಯನ್ನು ಹಲ್ಲಿನಿಂದ ಕಿತ್ತು, ಎರಡು ತಂತಿಗಳನ್ನು ತಿರುಚಿ, ಕಪ್ಪು ಟೇಪು ಸುತ್ತಿ ಬಿಡುವುದು. ಒಣ ಊರಿನಲ್ಲಿ ಆ ಗಂಟು ಕೆಲವು ವರ್ಷ ಬಾಳೀತು. ನಮ್ಮ ಕರಾವಳಿಯಲ್ಲಿ ಎರಡು ಮಳೆಗಾಲ ಸಾಕು. ಟೇಪಿನ ಅಂಟು ಬಿಸಿಗೆ ಕರಗುತ್ತದೆ, ಉಪ್ಪಿನ ತೇವ ಒಳಗಿಳಿಯುತ್ತದೆ, ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ನಮ್ಮ ಅಜ್ಜಿಯರು ತಾಮ್ರದ ಹಂಡೆಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದುದು ಇದೇ ಕಿಲುಬನ್ನು. ಹಾರ್ನಿನ ಗಂಟಿಗೆ ಕಿಲುಬು ಹಿಡಿದರೆ ಹಾರ್ನು ಸಣ್ಣಗೆ ಕೂಗುತ್ತದೆ, ಅಷ್ಟೇ. ಇಂಜೆಕ್ಟರಿನ ಗಂಟಿಗೆ ಹಿಡಿದರೆ ಅದು ತಡವಾಗಿ ತೆರೆಯುತ್ತದೆ. ಕ್ರ್ಯಾಂಕ್ ಸೆನ್ಸರಿನ ಗಂಟಿನಲ್ಲಿ ತೇವ ನಿಂತರೆ ಮಿಡಿತಗಳು ಸೋರಿಹೋಗಿ, ಎಂಜಿನ್ ತಿರುಗುತ್ತಿಲ್ಲವೆಂದು ಕಂಪ್ಯೂಟರ್ ತಿಳಿಯುತ್ತದೆ. ಆಗ ಪೆಟ್ರೋಲೂ ಇಲ್ಲ, ಕಿಡಿಯೂ ಇಲ್ಲ. ಗಾಡಿ ನಿಂತದ್ದು ಹಿಂದೆ ಭಾರದ ಟ್ಯಾಂಕರ್ ಬರುತ್ತಿರುವ ಇಳಿಜಾರಿನಲ್ಲಿಯಾದರೆ ಏನಾದೀತೆಂದು ನೀವೇ ಊಹಿಸಿ.

ಎರಡನೆಯ ಸಾಧನ ವೇಗ ನಿಯಂತ್ರಕ. 2015ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿ, ಅದೇ ವರ್ಷದ ಅಕ್ಟೋಬರ್ 1ರಿಂದ ತಯಾರಾಗುವ ಬಹುತೇಕ ಸಾರಿಗೆ ವಾಹನಗಳಿಗೆ ಗಂಟೆಗೆ 80 ಕಿಲೋಮೀಟರಿನ ಮಿತಿಯನ್ನೂ, ಶಾಲಾ ಬಸ್ಸು, ಟ್ಯಾಂಕರ್, ಡಂಪರ್ ಮುಂತಾದವಕ್ಕೆ 60ರ ಮಿತಿಯನ್ನೂ ಗೊತ್ತುಮಾಡಿತು. ಹಳೆಯ ಪಂಪಿನ ಗಾಡಿಯಲ್ಲಿ ಈ ಸಾಧನ ಡೀಸೆಲ್ ದಾರಿಯನ್ನು ಕಿರಿದು ಮಾಡುತ್ತದೆ. ಕಂಪ್ಯೂಟರ್ ಇರುವ ಗಾಡಿಯಲ್ಲಿ ಅದು ಆಕ್ಸಿಲರೇಟರಿನ ಪೆಡಲಿಗೂ ಕಂಪ್ಯೂಟರಿಗೂ ನಡುವೆ ಕೂರುತ್ತದೆ. ಚಾಲಕ ಪೂರ್ತಿ ಒತ್ತಿದರೂ ‘ಅರ್ಧವೇ ಒತ್ತಿದ್ದಾನೆ’ ಎಂದು ಹೇಳುತ್ತದೆ. ಆದರೆ ಪೆಡಲನ್ನು ಮಾಡಿದವರೂ ದಡ್ಡರಲ್ಲ. ಒಂದೇ ಪೆಡಲಿನೊಳಗೆ ಎರಡು ಸೆನ್ಸರುಗಳಿರುತ್ತವೆ. ಅನೇಕ ಗಾಡಿಗಳಲ್ಲಿ ಒಂದರ ವೋಲ್ಟು ಇನ್ನೊಂದರ ಸರಿಯಾಗಿ ಅರ್ಧ. ಎರಡು ಸಾಕ್ಷಿಗಳ ಹೇಳಿಕೆ ಹೊಂದದಿದ್ದರೆ ಕಂಪ್ಯೂಟರ್ ಯಾರನ್ನೂ ನಂಬದೆ ಎಂಜಿನ್ನನ್ನು ಕುಂಟುವ ವೇಗಕ್ಕೆ ಇಳಿಸುತ್ತದೆ. ಅವಸರದಲ್ಲಿ ಒಂದೇ ತಂತಿಗೆ ಕೈಹಾಕಿದ ಕೆಲಸದಿಂದ ಬಸ್ಸುಗಳು ಘಾಟಿಯ ಏರಿನಲ್ಲಿ ತೆವಳುವುದಕ್ಕೆ ಕಾರಣ ಇದು. ಇನ್ನೊಂದು ಕಹಿ ಸತ್ಯವನ್ನೂ ಹೇಳಬೇಕು. ಕೆಲವು ಗಾಡಿಗಳಲ್ಲಿ ತಪಾಸಣೆ ಮುಗಿದ ಮರುದಿನವೇ ಅದೇ ತಂತಿಯನ್ನು ಕತ್ತರಿಸಿ ನೇರ ಜೋಡಿಸುತ್ತಾರೆ. ಆ ಬಸ್ಸಿನಲ್ಲಿ ಕೂರುವುದು ನಮ್ಮ ನಿಮ್ಮ ಮಕ್ಕಳು.

ಸುಳ್ಳು ಹೇಳುವ ಪೆಟ್ಟಿಗೆಗಳಲ್ಲಿಯೂ ಭೇದವಿದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಪರೀಕ್ಷಿಸಿ ಅನುಮೋದಿಸಿದ ಗ್ಯಾಸ್ ಎಮ್ಯುಲೇಟರ್ ಹೇಳುವ ಸುಳ್ಳು ಎಲ್ಲರಿಗೂ ತಿಳಿದಿರುವ, ಆರ್.ಸಿ. ಪುಸ್ತಕದಲ್ಲಿ ನಮೂದಾಗುವ ಸುಳ್ಳು. ಬಿಎಸ್-6 ಲಾರಿಗಳಲ್ಲಿ ಹೊಗೆ ಶುದ್ಧಿಗೆ ಬಳಸುವ ಯೂರಿಯಾ ದ್ರಾವಣದ ಖರ್ಚು ಉಳಿಸಲು, ದ್ರಾವಣ ಹೋಗುತ್ತಲೇ ಇದೆ ಎಂದು ಕಂಪ್ಯೂಟರಿಗೆ ನಂಬಿಸುವ ಪೆಟ್ಟಿಗೆಗಳೂ ಜಗತ್ತಿನಲ್ಲಿವೆ. ಯೂರೋಪಿನ ರಸ್ತೆಗಳಲ್ಲಿ ಪೊಲೀಸರು ಅವುಗಳನ್ನು ಹಿಡಿದಿದ್ದಾರೆ. ಇನ್ನು ದೊಡ್ಡವರೇ ಸುಳ್ಳು ಹೇಳಿದ ಕಥೆ 2015ರ ಸೆಪ್ಟೆಂಬರಿನಲ್ಲಿ ಹೊರಬಿತ್ತು. ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆಯನ್ನು ಶುದ್ಧವಾಗಿ ತೋರಿಸುವಂತೆ ಫೋಕ್ಸ್‌ವ್ಯಾಗನ್ ಕಂಪೆನಿ ತನ್ನ ಡೀಸೆಲ್ ಕಾರುಗಳ ಕಂಪ್ಯೂಟರಿಗೇ ಪಾಠ ಹೇಳಿಕೊಟ್ಟಿತ್ತು. ಭಾರತದಲ್ಲಿಯೂ ಅದು 3,23,700 ಕಾರುಗಳನ್ನು ಹಿಂದಕ್ಕೆ ಕರೆಯುವುದಾಗಿ ಪ್ರಕಟಿಸಿತು. ತಂತಿ ಕತ್ತರಿಸುವ ಬಡ ಮೆಕ್ಯಾನಿಕ್ಕನನ್ನು ಬೈಯುವ ಮೊದಲು ಇದನ್ನೂ ನೆನೆಯುವುದು ನ್ಯಾಯ.

ಮೂರನೆಯದು, ಗಾಡಿ ಎಲ್ಲಿದೆ ಎಂದು ತಿಳಿಸುವ ಜಿಪಿಎಸ್ ಸಾಧನ. 2019ರ ಜನವರಿ 1ರಿಂದ ನೋಂದಣಿಯಾಗುವ ಹೊಸ ಸಾರ್ವಜನಿಕ ಸೇವಾ ವಾಹನಗಳಿಗೆ ಇದನ್ನೂ ತುರ್ತು ಗುಂಡಿಯನ್ನೂ ಕಡ್ಡಾಯ ಮಾಡಲಾಯಿತು. ಇದಕ್ಕೆ ಎಂಜಿನ್ನಿನ ಕಂಪ್ಯೂಟರನ್ನು ಮುಟ್ಟುವ ಅಗತ್ಯವೇ ಇಲ್ಲ. ಬ್ಯಾಟರಿ, ಕೀಲಿ, ಅರ್ಥಿಂಗ್, ಗುಂಡಿಯ ತಂತಿ, ಇಷ್ಟು ಸಾಕು. ಆದರೂ ಹತ್ತಿರ ಸಿಕ್ಕಿತೆಂದು ಸೆನ್ಸರಿನ ಅರ್ಥಿಂಗಿಗೆ ಇದನ್ನು ಕಟ್ಟಿ ತಲೆನೋವು ತಂದುಕೊಳ್ಳುವವರಿದ್ದಾರೆ. ಇಂತಹ ಸಾಧನ ಕೊಡುವ ಸುದ್ದಿಗೆ ಒಂದು ಮಿತಿಯಿದೆ ಎಂಬುದನ್ನು ನಮ್ಮ ತಾಲೂಕಿನವರು ಮರೆಯಲಾರರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಕೇರಳದ ಲಾರಿಯೊಂದು ಚಾಲಕನ ಸಮೇತ ಕಾಣೆಯಾದಾಗ, ಅದರ ಜಿಪಿಎಸ್ ಕೊನೆಗೆ ತೋರಿಸಿದ ಜಾಗವನ್ನು ಹಿಡಿದು ಮೊದಲು ರಸ್ತೆಯ ಮೇಲಿನ ಮಣ್ಣಿನ ರಾಶಿಯಲ್ಲಿ ಹುಡುಕಿದರು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಗಂಗಾವಳಿ ನದಿಯ ತಳದಲ್ಲಿ. ಸಾಧನ ಹೇಳಬಲ್ಲದ್ದು ತನ್ನ ಕೊನೆಯ ಸುದ್ದಿಯನ್ನು ಮಾತ್ರ.

ಇನ್ನು ಓಬಿಡಿ ಸಾಕೆಟ್ಟಿನ ಮಾತು. ಕಂಪ್ಯೂಟರ್ ತನ್ನ ಕಾಯಿಲೆಯನ್ನು ತಾನೇ ಹೇಳಬೇಕು ಎಂಬ ನಿಯಮವೂ ಕ್ಯಾಲಿಫೋರ್ನಿಯಾದಲ್ಲಿ 1988ರ ಮಾದರಿಯ ಕಾರುಗಳಿಂದ ಶುರುವಾಯಿತು. 1996ರಲ್ಲಿ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಒಂದೇ ಬಗೆಯ ಹದಿನಾರು ಪಿನ್ನಿನ ಸಾಕೆಟ್ ಬಂತು. ನಮ್ಮಲ್ಲಿ ಬಿಎಸ್-4 ಕಾರುಗಳಿಗೆ 2010ರಿಂದ ಮೊದಲ ಹಂತ, 2013ರಿಂದ ಎರಡನೆಯ ಹಂತ ಕಡ್ಡಾಯವಾಯಿತು. ಕೆನಡಾದ ಒಂದು ಸಣ್ಣ ಕಂಪೆನಿ ಈ ಸಾಕೆಟ್ಟಿನ ಭಾಷೆಯನ್ನು ಸುಲಭಗೊಳಿಸುವ ‘ಇಎಲ್‌ಎಂ 327’ ಎಂಬ ಚಿಪ್ಪನ್ನು ಮಾಡಿತು. ಅದರ ಮೊದಲ ಆವೃತ್ತಿಗೆ ನಕಲು ತಡೆ ಇರಲಿಲ್ಲವಾದ್ದರಿಂದ ಪ್ರತಿಗಳು ಪೇಟೆಯನ್ನು ತುಂಬಿದವು. ಇಂದು ಕೆಲವು ನೂರು ರೂಪಾಯಿಗೆ ಸಿಗುವ ಆ ಬ್ಲೂಟೂತ್ ಬಿಲ್ಲೆಯನ್ನು ಚುಚ್ಚಿ ಮೊಬೈಲಿನಲ್ಲಿಯೇ ಎಂಜಿನ್ನಿನ ಕಾಯಿಲೆ ಓದಬಹುದು. ಓದಿ, ತೆಗೆದಿಡಿ. ಸದಾ ಚುಚ್ಚಿಯೇ ಇಟ್ಟರೆ ಅದು ಬೀದಿಗೆ ತೆರೆದಿಟ್ಟ ಬಾಗಿಲು. 2015ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು, ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್, ಒಂದು ಜೀಪ್ ಚೆರೋಕೀಯ ಮ್ಯೂಸಿಕ್ ಸಿಸ್ಟಮಿನ ಮೂಲಕ ಮೈಲುಗಟ್ಟಲೆ ದೂರದಿಂದಲೇ ಒಳನುಗ್ಗಿ ಅದನ್ನು ಹೆದ್ದಾರಿಯಲ್ಲಿ ನಿಧಾನಗೊಳಿಸಿ ತೋರಿಸಿದರು. ಕಂಪೆನಿ 14 ಲಕ್ಷ ವಾಹನಗಳನ್ನು ಸರಿಪಡಿಸಬೇಕಾಯಿತು. ಅಲ್ಲಿ ಒಂದೇ ಒಂದು ತಂತಿಯನ್ನೂ ಕತ್ತರಿಸಿರಲಿಲ್ಲ.

ಕಾನೂನು ಇತ್ತೀಚೆಗೆ ಬಿಗಿಯಾಗಿದೆ. ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ ಕಾಯಿದೆಗೆ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲಿಕನಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಇವೆ.

ದಂಡ ಸರಿ, ವಿದ್ಯೆ ಎಲ್ಲಿ? ನನ್ನನ್ನು ಕಾಡುವುದು ಈ ಪ್ರಶ್ನೆ. ಜಗತ್ತಿನ ಹೆಸರಾಂತ ಕಾರುಗಳ ಕಂಪ್ಯೂಟರಿಗೆ ಬೇಕಾದ ಸಾಫ್ಟ್‌ವೇರಿನ ಎಷ್ಟೋ ಕೆಲಸ ನಮ್ಮ ಬೆಂಗಳೂರಿನಲ್ಲಿಯೇ, ನಮ್ಮ ರಾಜ್ಯದ ಎಂಜಿನಿಯರುಗಳ ಕೈಯಲ್ಲಿಯೇ ನಡೆಯುತ್ತದೆ. ಅದೇ ಕಾರು ಅಮದಳ್ಳಿಯಲ್ಲಿ ನಿಂತರೆ ಅದರ ವಯರಿಂಗ್ ನಕಾಶೆ ನಮ್ಮ ಮೇಸ್ತ್ರಿಗೆ ಸಿಗುವುದಿಲ್ಲ. ಒಬ್ಬ ಗ್ರಾಹಕ 2011ರಲ್ಲಿ ಕೊಟ್ಟ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ ವಿಚಾರಣೆ ನಡೆಸಿ, 2014ರ ಆಗಸ್ಟ್ 25ರಂದು 14 ಕಾರು ಕಂಪೆನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ, ಪರೀಕ್ಷಾ ಉಪಕರಣಗಳನ್ನೂ, ದುರಸ್ತಿ ಕೈಪಿಡಿಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಒದಗಿಸಬೇಕೆಂದು ಆಜ್ಞಾಪಿಸಿತು. ಕಂಪೆನಿಗಳು ಮೇಲ್ಮನವಿ ಹೋದವು, ಪ್ರಕರಣ ಎಳೆಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಎಂಬ ಜಾಲತಾಣ ತೆರೆದು ವಾಹನಗಳನ್ನೂ ಅದರಲ್ಲಿ ಸೇರಿಸಿತು. ನಮ್ಮ ರಸ್ತೆಬದಿಯ ಅಂಗಡಿಗೆ ಇದು ಇನ್ನೂ ತಲುಪಬೇಕಾದಷ್ಟು ತಲುಪಿಲ್ಲ ಎಂಬುದು ನನ್ನ ಅನುಭವ. ನಕಾಶೆ ಇಲ್ಲದವನು ಊಹಿಸುತ್ತಾನೆ, ಊಹಿಸಿ ಕತ್ತರಿಸುತ್ತಾನೆ. ಕೈಪಿಡಿ ಇಂಗ್ಲಿಷಿನಲ್ಲಿಯೇ ಇದ್ದರೂ ಚಿಂತೆಯಿಲ್ಲ. ಅದನ್ನು ಓದಬಲ್ಲ ಹುಡುಗರು ಈಗ ನಮ್ಮ ಮನೆಗಳಲ್ಲಿದ್ದಾರೆ.

ಹಾಗೆಂದೇ ಆ ಸಂಜೆಯ ಕಥೆಯ ಉಳಿದ ಭಾಗವನ್ನು ಹೇಳುತ್ತೇನೆ. ಮೇಸ್ತ್ರಿ ಕೈ ಹಚ್ಚಲಿಲ್ಲವಾದರೂ ಹೊರಟುಹೋಗಲಿಲ್ಲ. ಐಟಿಐ ಮುಗಿಸಿದ್ದ ತಮ್ಮ ಸೋದರಳಿಯನಿಗೆ ಫೋನು ಮಾಡಿದರು. ಹುಡುಗ ಡಿಜಿಟಲ್ ಮಲ್ಟಿಮೀಟರ್ ಹಿಡಿದು ಬಂದ. ಅವನೂ ಮೊದಲು ಯಾವ ತಂತಿಯನ್ನೂ ಚುಚ್ಚಲಿಲ್ಲ, ಬಿಲ್ಲೆಯನ್ನು ಸಾಕೆಟ್ಟಿಗೆ ಸಿಕ್ಕಿಸಿ ದೋಷಸಂಖ್ಯೆ ಓದಿದ. ಕ್ರ್ಯಾಂಕ್ ಸೆನ್ಸರಿನ ಸುದ್ದಿ ಬರುತ್ತಿಲ್ಲ ಎಂದಿತು. “ಮಾಮಾ, ಗ್ಯಾಸ್‌ನವರು ಎಲ್ಲಿಂದ ಟ್ಯಾಪ್ ತೆಗೆದಿದ್ದಾರೆ ನೋಡಿ,” ಎಂದ. ಆ ಕಣ್ಣು ಮಾತ್ರ ಮೇಸ್ತ್ರಿಯದೇ ಆಗಬೇಕಿತ್ತು. ಟಾರ್ಚಿನ ಬೆಳಕಿನಲ್ಲಿ ಕಟ್ಟಿನ ಕೆಳಗೆ ಬೆರಳಾಡಿಸಿ, ಎಂಜಿನ್ನಿನ ಹಿಂಬದಿಯಲ್ಲಿ, ಮೂಲ ಹೊದಿಕೆಗಿಂತ ತುಸು ಜಿಗುಟಾದ ಒಂದು ಜಾಗವನ್ನು ಅವರು ಹಿಡಿದುಬಿಟ್ಟರು. ಟೇಪು ಬಿಚ್ಚಿದಾಗ ಒಳಗಿದ್ದುದು ತಾಮ್ರವಲ್ಲ, ಹಸಿರು ಪುಡಿ. ಹುಡುಗ ಅಷ್ಟು ಉದ್ದವನ್ನು ಕತ್ತರಿಸಿ ತೆಗೆದು, ಗ್ಯಾಸ್ ಕಿಟ್ಟಿನ ಟ್ಯಾಪನ್ನು ಸದ್ಯಕ್ಕೆ ಬೇರ್ಪಡಿಸಿ, ಹೊಸ ತಂತಿಗೆ ಬೆಸುಗೆ ಹಾಕಿ, ಮೇಲೆ ಬಿಸಿಗೆ ಬಿಗಿಯುವ ಕೊಳವೆ ಏರಿಸಿ ಲೈಟರ್ ಹಿಡಿದ. ಕಾರು ಹತ್ತಿತು.

ನಾನು ದುಡ್ಡು ಕೊಡಲು ಹೋದರೆ ಮೇಸ್ತ್ರಿ ಅದನ್ನು ಹುಡುಗನ ಕೈಗೇ ಕೊಡಿಸಿದರು. ಕಿಲುಬು ಹಿಡಿದ ಆ ತಂತಿಯ ತುಂಡನ್ನು ತಾವೇ ಕೇಳಿ ಪಡೆದುಕೊಂಡು, ಅಂಗಡಿಯಲ್ಲಿ ಬರುವ ಗಿರಾಕಿಗಳಿಗೆ ಕಾಣುವ ಹಾಗೆ ಮೊಳೆಗೆ ತೂಗುಹಾಕಿದ್ದಾರೆ. ಕಳೆದ ಸಲ ಹೋದಾಗಲೂ ಅದು ಅಲ್ಲಿತ್ತು.